ಮುನಿರತ್ನಮ್ಮ ಕಲಿಸಿದ ತಳ್ಳುಪಡಿ

ಸುನಾಮಿ ಬಂದ ವರ್ಷದ ಆಷಾಢದಲ್ಲಿ, ತಮಿಳು ಗಡಿಯೊಳಗಿನ ಮತ್ತಿಗಿರಿಯ ನಮ್ಮ ವಠಾರದ ಮುನಿರತ್ನಮ್ಮ ಬಾಗಿಲಿಗೆ ಬಂದು, "ಅಕ್ಕಾ, ದೊಡ್ಡಂಗಡೀಲಿ ತಳ್ಳುಪಡಿ ಹಾಕವ್ರೆ, ಬನ್ನಿ" ಅಂದಳು. ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಯಾರೋ ಬೇಡವೆಂದು ತಳ್ಳಿದ ಪಡಿಯಕ್ಕಿ ಇರಬೇಕು ಅಂದುಕೊಂಡೆ.

"ಯಜಮಾನರು ಹೋದ್ರು ಅಂತ ಇನ್ನೊಬ್ರು ಬಿಟ್ಟ ಅಕ್ಕಿ ತಿನ್ನೋ ಗತಿ ಬಂದಿಲ್ಲ ಕಣಮ್ಮಿ ನಂಗೆ!"

ಅವಳು ಹೊಸ್ತಿಲ ಮೇಲೆ ಕುಸಿದು ಕೂತು ನಕ್ಕಳು. "ಅಯ್ಯೋ ನಮ್ಮಕ್ಕ! ತಮಿಳ್ನಲ್ಲಿ ಅಂಗಂದ್ರೆ ಬೆಲೆ ಇಳಿಸೋದು."

ಸಾಮಾನೆಲ್ಲ ತರುತ್ತಿದ್ದವರು ನಮ್ಮ ಯಜಮಾನರೇ. ಅವರಿಲ್ಲದೆ ಅಂಗಡಿಗೆ ಹೋಗಲು ನನಗೆ ಅಂಜಿಕೆ. ಮುನಿರತ್ನಮ್ಮ ಕೈ ಹಿಡಿದು ಕರೆದೊಯ್ದಳು. ಟೀಪುಡಿ ಪೊಟ್ಟಣದ ಕೂಪನ್ ಕತ್ತರಿಸಿಡುವುದು, ಬೇಳೆ ಅಗ್ಗವಾದಾಗ ಕೊಂಡು ಬಿಸಿಲಿಗೆ ಹಾಕಿಡುವುದು, ಎಲ್ಲ ಕಲಿಸಿದಳು. ಜೀರಿಗೆ, ಧನಿಯದ ಘಮದೊಳಗೆ ಅವಳ ಹಸಿರು ಸೀರೆಯ ಹಿಂದೆ ನಡೆಯುತ್ತಿದ್ದರೆ ಅರೆನಿದ್ದೆಯಲ್ಲಿ ತೇಲಿದ ಹಾಗಿರುತ್ತಿತ್ತು. ಒಬ್ಬಳೇ ಹೋಗು ಅಂದರೆ ಮಾತ್ರ ಕಾಲೇಳುತ್ತಿರಲಿಲ್ಲ.

ಕೆಲವು ವರ್ಷದ ಮೇಲೆ ಅವಳು ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ದಿಂಬಿನಡಿಯಿಂದ ಕೂಪನ್ ತೆಗೆದು ನನ್ನ ಕೈಗಿಟ್ಟಳು. "ಇದು ಇವತ್ತಿಗೇ ಮುಗಿದೋಯ್ತದೆ. ಏಲಕ್ಕಿ ತನ್ನಿ ಅಕ್ಕಾ."

"ನಾನೊಬ್ಳೇನಾ?"

"ಇನ್ನೇನು, ಮಂಚ ಹೊತ್ಕೊಂಡು ನಾನೂ ಬರ್ಲಾ?"

ಹೋದೆ. ಬಿಸಿಲು ಹೊಂಬಣ್ಣವಾಗಿತ್ತು, ರಸ್ತೆಯೇ ನನ್ನನ್ನು ಮೆಲ್ಲಗೆ ಹೊತ್ತೊಯ್ದಂತಿತ್ತು. ಏಲಕ್ಕಿ ತಂದು ಅವಳ ಅಂಗೈಗೆ ಸುರಿದೆ. ಅವಳು ಮೂಸಿ, ಕಣ್ಣು ಮುಚ್ಚಿ, ನನ್ನನ್ನು ಕೊನೆಯದಾಗಿ ಒಂದು ಮಾತು ಕೇಳಿದಳು:

"ದಾರೀಲಿ ಏನೇನ್ ಕಂಡ್ರಿ? ಒಂದೂ ಬಿಡ್ದಂಗೆ ಹೇಳಿ ಅಕ್ಕಾ."