ಹರಿಹರಕ್ಕೆ ಓಡಲು ಕಲಿಸಿದ ಕೀಮ್ಯಾನ್ ಕಾಕಾ

ಕೀಮ್ಯಾನ್ ಕಾಕಾ ಅವರ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ತಗ್ಗಿತ್ತು. ಉದ್ದ ಹಿಡಿಯ ಸುತ್ತಿಗೆಯನ್ನು ವರ್ಷಗಟ್ಟಲೆ ಒಂದೇ ಕಡೆ ಹೊತ್ತು ಬಂದ ವಾಲು ಅದು. ದಾವಣಗೆರೆಯಿಂದ ಹರಿಹರದ ಕಡೆಗೆ ಹೋಗುವ ರೈಲುಹಳಿಯಲ್ಲಿ, ಊರಿನಿಂದ ಎರಡು ಮೈಲಿಯಾಚೆಗಿನ ಮೂರು ಮೈಲಿ ಅವರ ಪಾಲಿನದು. ದಿನಾ ಬೆಳಿಗ್ಗೆ ಅಷ್ಟುದ್ದವೂ ನಡೆದು, ಹಳಿಯನ್ನು ಹಿಡಿದಿಟ್ಟ ಬೆಣೆಗಳಲ್ಲಿ ಸಡಿಲಾದದ್ದನ್ನು ಬಡಿದು ಬಿಗಿ ಮಾಡುವುದೇ ಕೀಮ್ಯಾನ್ ಕೆಲಸ. ನಡೆಯುವಾಗ ಕಣ್ಣು ನೆಲ ಬಿಟ್ಟು ಮೇಲೆ ಬರುತ್ತಿರಲಿಲ್ಲ. ಎದುರಿಗೆ ಬಂದವರನ್ನು ಚಪ್ಪಲಿಯಿಂದಲೇ ಗುರುತಿಸಿ ಮಾತಾಡಿಸುತ್ತಿದ್ದರು.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಹದಿನೆಂಟರ ವಯಸ್ಸಿಗೆ ಹತ್ತಿ ಕಾರ್ಖಾನೆಯಲ್ಲಿ ಅಂಡಿಗೆ, ಅಂದರೆ ಹತ್ತಿಯ ಮೂಟೆ ಹೊರುತ್ತಿದ್ದೆ. ಇಬ್ಬರು ಎತ್ತುವುದನ್ನು ಒಬ್ಬನೇ ಎತ್ತುತ್ತೇನೆಂಬ ಹಮ್ಮಿತ್ತು. ಆ ಹಮ್ಮಿನಲ್ಲೇ ಗರಡಿಮನೆಯವರ ಓಟಕ್ಕೆ ಹೆಸರು ಕೊಟ್ಟೆ. ದಾವಣಗೆರೆಯಿಂದ ಹರಿಹರದ ಹೊಳೆಯವರೆಗೆ, ಹತ್ತಿರಹತ್ತಿರ ಒಂಬತ್ತು ಮೈಲಿ. ಮೊದಲ ಎರಡು ಮೈಲಿ ಎಲ್ಲರಿಗಿಂತ ಮುಂದಿದ್ದೆ. ಅರ್ಧ ದಾರಿಗೆ ಹೊಟ್ಟೆ ಹಿಡಿದು ಕುಳಿತವನು ಏಳಲಾಗಲಿಲ್ಲ. ಹತ್ತಿ ಹೇರಿಕೊಂಡು ಹೊರಟಿದ್ದ ಗಾಡಿಯವನೊಬ್ಬ ಹರಿಹರ ಮುಟ್ಟಿಸಿದ. ಮರುದಿನ ಕಾರ್ಖಾನೆಯ ಬಾಗಿಲಲ್ಲೇ ಜೊತೆಯವರ ಗೇಲಿ ಶುರು: “ಬರ್ರಿ ಸಾವ್ಕಾರ್ರೇ, ಇವತ್ತು ಗಾಡಿ ಎಲ್ಲಿ ಬಿಟ್ಟು ಬಂದ್ರಿ?”

ನನಗೆ ಬಹುಮಾನ ಬೇಡವಾಯಿತು. ಮುಂದಿನ ವರ್ಷ ನನ್ನ ಕಾಲ ಮೇಲೇ ಹರಿಹರ ಸೇರಬೇಕು, ಅಷ್ಟೇ. ಯಾರೂ ನೋಡದಿರಲೆಂದು ರೈಲುಹಳಿಯ ಪಕ್ಕ ಓಡತೊಡಗಿದೆ. ಮೂರನೆಯ ದಿನ ಹಳಿಯ ಮೇಲಿಂದ ದನಿ ಬಂತು.

“ಲೇ ತಮ್ಮಾ, ಯಾರು ಅಟ್ಟಿಸ್ಕೊಂಡು ಬರಕತ್ಯಾರೋ ನಿನ್ನ?”

ಏದುಸಿರು ಬಿಡುತ್ತ ನಿಂತೆ.

“ನೋಡು, ಬಾಯಾಗೆ ಒಂದು ಮಾತು ಉಳಿದಿಲ್ಲ. ಹಿಂಗೆ ಓಡಿದ್ರೆ ಎಲ್ಲಿಗೆ ಮುಟ್ತೀಯ? ನಾಳಿಂದ ನನ್ಜೊತಿ ನಡಿ.”

“ನಡ್ಯೋದಲ್ಲ ಕಾಕಾ, ನಾನು ಓಡ್ಬೇಕು.”

“ನಡ್ಯಾಕ ಬರದಾಂವ ಓಡ್ತಾನಂತೆ!” ಎಂದು ನಕ್ಕು, ಮುಂದಿನ ಬೆಣೆಗೆ ಏಟು ಹಾಕಿದರು.

ಒಂದು ತಿಂಗಳು ಬರೀ ನಡೆಸಿದರು. ಆಮೇಲೆ ಓಡಲು ಬಿಟ್ಟರು, ಒಂದು ಕರಾರಿನ ಮೇಲೆ. ಪ್ರತಿ ತಂತಿಕಂಬ ದಾಟುವಾಗಲೂ ಅದರ ಮೇಲಿನ ನಂಬರನ್ನು ಕೂಗಿ ಹೇಳಬೇಕು. ದನಿ ಗಟ್ಟಿಯಿದ್ದರೆ ಓಟ. ನಡುಗಿದರೆ ಮುಂದಿನ ಕಂಬದವರೆಗೆ ನಡಿಗೆ. ಹೊಲದಲ್ಲಿದ್ದ ಹೆಂಗಸರು ನನ್ನನ್ನು ತಲೆಕೆಟ್ಟವನೆಂದೇ ತಿಳಿದಿದ್ದರು.

ಇದರಲ್ಲೊಂದು ಎಡವಟ್ಟಾಯಿತು. ಒಂದು ಭಾನುವಾರ ರಸ್ತೆಯಲ್ಲಿ ಓಡಿ ತೋರಿಸು ಎಂದರು. ಅವರ ಹಿಂದೆ ಹಳಿಯ ಅಡ್ಡಪಟ್ಟಿಗಳ ಮೇಲೆ ಹೆಜ್ಜೆಯಿಟ್ಟೂ ಇಟ್ಟೂ ನನ್ನ ಹೆಜ್ಜೆ ಪಟ್ಟಿಯಿಂದ ಪಟ್ಟಿಗಿದ್ದಷ್ಟೇ ಆಗಿಹೋಗಿತ್ತು. ತಲೆಯೂ ಅವರಂತೆಯೇ ಬಗ್ಗಿತ್ತು. ಕಾಕಾ ಸುತ್ತಿಗೆ ಕೆಳಗಿಟ್ಟರು.

“ಡಾಂಬರ್ ರಸ್ತ್ಯಾಗೆ ಪಟ್ಟಿ ಎಲ್ಲೈತೋ ಮಾರಾಯ? ಬಿಡು, ತಪ್ಪು ನಂದು. ನನ್ನ ಹೊಟ್ಟಿಪಾಡಿನ ನಡಿಗೆ ನಿಂಗ್ಯಾಕ? ತಲಿ ಎತ್ತು.”

ಅಷ್ಟು ಹಿರಿಯರು ಹುಡುಗನ ಮುಂದೆ ತಪ್ಪು ನಂದು ಅಂದದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಮರುದಿನದಿಂದ ಅವರು ಹಳಿಯ ಮೇಲೆ, ನಾನು ಪಕ್ಕದ ಗಾಡಿದಾರಿಯಲ್ಲಿ.

ಓಟದ ದಿನ ಬಂತು. ಐದು ಮೈಲಿಯವರೆಗೆ ಆರು ಜನರ ಹಿಂದೆ ಇದ್ದೆ. ದನಿ ಗಟ್ಟಿಯಿತ್ತು, ದಾರಿಯ ಮರಗಳನ್ನೇ ಎಣಿಸಿ ಕೂಗುತ್ತಿದ್ದೆ. ರಸ್ತೆ ಹಳಿಯನ್ನು ದಾಟುವಲ್ಲಿ ಗೇಟು ಬಿದ್ದಿತ್ತು. ಮುಂದಿದ್ದವರು ನುಸುಳಿ ದಾಟಿ ಹೋಗಿದ್ದರು. ನಾನೂ ಬಗ್ಗಿದೆ. ಎದುರಿಗೆ ಸುತ್ತಿಗೆಯ ಹಿಡಿ ಅಡ್ಡ ಬಂತು. ಅದು ಕಾಕಾ ಅವರ ಮೂರು ಮೈಲಿಯ ಕೊನೆ.

“ಕಾಕಾ, ಬಿಡ್ರಿ! ಗೂಡ್ಸು ಇನ್ನೂ ದೂರ ಐತೆ!”

“ದೂರ ಐತೋ ಹತ್ರ ಐತೋ, ಬಂದೈತೆ. ನಿಲ್ಲು.”

“ಅವ್ರೆಲ್ಲ ಹೋದ್ರಲ್ರಿ!”

“ಅವ್ರು ಬರೋವಾಗ ನಾನು ಆ ಕಡಿ ಇದ್ದೆ. ಈಗ ಇಲ್ಲೇ ಇದೀನಿ.”

ಅಳು ಬಂತು, ಸಿಟ್ಟೂ ಬಂತು. ಮೋರಿಕಟ್ಟೆಯ ಮೇಲೆ ಕೂರಲು ಹೋದೆ. “ಕುಂದ್ರಬ್ಯಾಡ! ನಿಂತಲ್ಲೇ ಹೆಜ್ಜಿ ಹಾಕು. ಡಬ್ಬಿ ಎಣಿಸು, ಕೂಗಿ ಎಣಿಸು!” ಎಂದು ಗದರಿದರು. ಹೊಗೆ ಕಾರುತ್ತ ಗೂಡ್ಸು ಬಂತು. ಅದರ ಸದ್ದಿಗಿಂತ ಜೋರಾಗಿ ಮೂವತ್ತೊಂದು ಡಬ್ಬಿ ಎಣಿಸಿದೆ, ನಿಂತಲ್ಲೇ ಕುಣಿಯುತ್ತ. ಹಿಂದಿನಿಂದ ಬಂದ ಇಬ್ಬರು ಮೋರಿಕಟ್ಟೆಯ ಮೇಲೆ ಕುಳಿತರು. ಗೇಟು ಎದ್ದಾಗ ಅವರ ಕಾಲು ಏಳಲಿಲ್ಲ. ನಾನು ಹೊರಟೆ. ಹರಿಹರ ಹತ್ತಿರವಾಗುವ ಹೊತ್ತಿಗೆ ಮುಂದಿದ್ದವರಲ್ಲಿ ಇಬ್ಬರು ಬಾಗಿ ನಡೆಯುತ್ತಿದ್ದರು. ಅವರನ್ನೂ ದಾಟಿ ಐದನೆಯವನಾಗಿ ಹೊಳೆ ಮುಟ್ಟಿದೆ. ಇಳಿದು ಮೊಣಕಾಲುದ್ದ ನೀರಿನಲ್ಲಿ ನಿಂತವನಿಗೆ ಇನ್ನೊಂದು ಮೈಲಿ ಓಡಬಲ್ಲೆ ಅನಿಸಿತು.

ಮರುದಿನ ಹೇಳಲು ಓಡಿದೆ. ಅವರಿಗೆ ಆಗಲೇ ಗೊತ್ತಿತ್ತು.

“ಗೇಟಿನ್ಯಾಗ ನನ್ಮ್ಯಾಲೆ ಸಿಟ್ಟು ಬಂತೇನೋ?”

“ಬಂತ್ರಿ ಕಾಕಾ.”

“ಬರ್ಲಿ ಬಿಡು. ಸಿಟ್ಟು ಮಾಡಾಕ ಬದುಕಿದೀಯಲ್ಲ.”

ಮುಂದಿನ ವರ್ಷವೇ ಅವರಿಗೆ ಬೇರೆ ಕಡೆಗೆ ವರ್ಗವಾಯಿತು. ಅಲ್ಲಿಯೇ ತೀರಿಕೊಂಡರೆಂದು ಹಳಿ ಕೆಲಸದ ಗ್ಯಾಂಗಿನವರೊಬ್ಬರು ಹೇಳಿದಾಗ ತಿಂಗಳು ಕಳೆದಿತ್ತು. ಮಣ್ಣಿಗೆ ಹೋಗುವ ಭಾಗ್ಯವೂ ಇರಲಿಲ್ಲ. ಆಮೇಲೆ ಅದೇ ಓಟವನ್ನು ಎರಡು ಸಲ ಗೆದ್ದೆ. ಆ ಕಪ್ಪುಗಳು ನಮ್ಮ ಮನೆಯ ಗೂಡಿನಲ್ಲಿವೆ. ಬಂದವರೆಲ್ಲ ಎತ್ತಿ ನೋಡುತ್ತಾರೆ, ನನಗೂ ಖುಷಿಯೇ. ಐದನೆಯವನಾಗಿ ಬಂದದ್ದಕ್ಕೆ ಕಪ್ಪಿಲ್ಲ. ಅದನ್ನು ತೋರಿಸಬೇಕೆಂದರೆ ಹೀಗೆ ಕೂತು ಬರೆಯಬೇಕು. ಬರೆದಿದ್ದೇನೆ.