ಭಾವನ ಗಾಲ್ಫ್ ಯಾತ್ರೆ

ಮೊನ್ನೆ ಅಕ್ಕನ ಮನೆಗೆ ಸುಣ್ಣ ಹೊಡೆಸುವಾಗ ಮಂಚದ ಕೆಳಗಿನ ಟ್ರಂಕು ಎಳೆಯಲು ನನ್ನನ್ನು ಕರೆದಿದ್ದರು. ಎಳೆದೆ. ಅದರ ಹಿಂದಿನಿಂದ ಒಂದು ಬಿಳಿ ಚೆಂಡು ಉರುಳಿಕೊಂಡು ಬಂದು ನನ್ನ ಕಾಲಿಗೆ ತಾಗಿ ನಿಂತಿತು. ನಿಂಬೆಹಣ್ಣಿನ ಗಾತ್ರ, ಮೈತುಂಬ ಸಣ್ಣ ಸಣ್ಣ ಗುಳಿ. ಗಾಲ್ಫ್ ಚೆಂಡು. ನಾಲ್ಕು ವರ್ಷದಿಂದ ಕಣ್ಣಿಗೆ ಬೀಳದಿದ್ದರೆ ಸಾಕಪ್ಪಾ ಎಂದುಕೊಂಡಿದ್ದ ವಸ್ತು ಅದು. ಯಾರೂ ನೋಡಲಿಲ್ಲವೆಂದು ಕಾಲಿನಿಂದಲೇ ಮೆಲ್ಲಗೆ ಹಿಂದಕ್ಕೆ ತಳ್ಳಿದೆ. ಹಳೇ ಮನೆಯ ನೆಲ ಯಾವತ್ತು ಸಮ ಇದ್ದದ್ದು ಹೇಳಿ? ಅದು ಮತ್ತೆ ಉರುಳಿ ಬಂತು.

ನಿಮಗೆ ನನ್ನ ಪರಿಚಯ ಇಲ್ಲವಾದ್ದರಿಂದ ಮೊದಲೇ ಹೇಳಿಬಿಡುವುದು ಒಳ್ಳೆಯದು: ನಾನು ಅನುಮಾನದ ಪ್ರಾಣಿ. ತಪ್ಪು ಪೂರ್ತಿ ನನ್ನದಲ್ಲ. ರಾಯದುರ್ಗದ ಒಂದು ಜೀನ್ಸ್ ಪ್ಯಾಂಟಿನ ಘಟಕದಲ್ಲಿ ಇಪ್ಪತ್ತೆರಡು ವರ್ಷದಿಂದ ನಾನು ಚೆಕಿಂಗ್ ಮಾಸ್ತರ. ಹೊಲಿದ ಪ್ಯಾಂಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಒಳಗು ಹೊರಗು ಮಾಡಿ, ಎಲ್ಲಿ ಹೊಲಿಗೆ ಹಾರಿದೆ, ಎಲ್ಲಿ ದಾರ ಬಿಟ್ಟಿದೆ ಎಂದು ಹುಡುಕುವ ಕೆಲಸ. ತಪ್ಪು ಸಿಗದ ದಿನ ನನಗೆ ಅನ್ನ ಸೇರುವುದಿಲ್ಲ. ಎಲ್ಲೋ ಇದೆ, ನನ್ನ ಕಣ್ಣಿಗೆ ಬೀಳಲಿಲ್ಲ ಎಂಬ ಸಂಕಟ. ಈ ಚಟ ಮನೆಗೂ ಬಂದುಬಿಟ್ಟಿದೆ. ಹಾಲಿನವನ ಕ್ಯಾನು ಅಲ್ಲಾಡಿಸಿ ನೋಡುತ್ತೇನೆ. ಮದುವೆ ಪತ್ರಿಕೆ ಕೊಡಲು ಬಂದವರು ಸ್ವಲ್ಪ ಹೆಚ್ಚು ನಕ್ಕರೂ ಇವರಿಗೆ ನನ್ನಿಂದ ಏನೋ ಆಗಬೇಕಾಗಿದೆ ಅನ್ನಿಸುತ್ತದೆ. “ನಿನ್ನ ಮುಂದ ದೇವರೇ ಬಂದು ನಿಂತರೂ ಆಧಾರ್ ಕಾರ್ಡ್ ಕೇಳ್ತಿ ನೀನು” ಎಂದು ಅಕ್ಕ ಬೈಯುತ್ತಿರುತ್ತಾಳೆ. ಕೇಳಿದರೆ ತಪ್ಪೇನು, ನನಗಿನ್ನೂ ತಿಳಿದಿಲ್ಲ.

ಇಂಥವನಿಗೆ ಸಿಕ್ಕ ಭಾವ ಎಂಥವರು ನೋಡಿ. ಅವರದು ಮಡಕಶಿರದ ಕಡೆ, ರತ್ನಗಿರಿ. ಮಾತೆಲ್ಲ ಶಿರಾ ಸೀಮೆಯದು. ನಾವು ಸಣ್ಣವರಿಗೂ ‘ಬರ್ರಿ, ಕೂಡ್ರಿ’ ಅನ್ನುವ ಜನ; ಅವರು ಮದುವೆಯಾದ ಹೊಸತರಲ್ಲಿ ನಮ್ಮಪ್ಪನಿಗೇ ‘ಬಾ ಮಾವ, ಕುಂತ್ಕ’ ಅಂದುಬಿಟ್ಟಿದ್ದರು. ನಮ್ಮವ್ವ ಮೂರು ದಿನ ಮುಖ ಊದಿಸಿಕೊಂಡಿದ್ದಳು. ಭಾವನಿಗೆ ಬಳ್ಳಾರಿ ಕಡೆಯ ಒಂದು ಕಾರ್ಖಾನೆಯ ಕಾಲೊನಿಯಲ್ಲಿ ನೌಕರಿ. ಏನು ನೌಕರಿ ಎಂದರೆ, ಹುಲ್ಲು ಬೆಳೆಸುವುದು. ಸಾಹೇಬರು ಗಾಲ್ಫ್ ಆಡುವ ಮೈದಾನಕ್ಕೆ ಮೂವತ್ತು ವರ್ಷ ಅವರೇ ಮಾಲಿ. ನೀರು ಬಿಟ್ಟು, ಗೊಬ್ಬರ ಕೊಟ್ಟು, ಮಗುವಿನ ಹಾಗೆ ಸಾಕಿ, ಆಮೇಲೆ ದನಕ್ಕೂ ಹಾಕದೆ ಕತ್ತರಿಸಿ ಹಾಕುತ್ತಾರೆ ಎಂದರೆ ನಮ್ಮ ಬಳಗದಲ್ಲಿ ಯಾರೂ ನಂಬುತ್ತಿರಲಿಲ್ಲ. ವಾರಕ್ಕೊಂದು ದಿನ ಮೈದಾನಕ್ಕೆ ರಜೆ. ಆವತ್ತು ಮಾಲಿಗಳು ಸಾಹೇಬರ ಹಳೇ ಕೋಲು ಹಿಡಿದು ಆಡಿಕೊಳ್ಳಬಹುದಿತ್ತಂತೆ. ಹಾಗೆ ಭಾವ ಆಟವನ್ನೂ ಕಲಿತರು. ನಿವೃತ್ತಿಯಾಗಿ ರಾಯದುರ್ಗಕ್ಕೆ ಬಂದು ಮನೆ ಮಾಡಿದಾಗ ಅವರ ಸಾಮಾನಿನಲ್ಲಿ ಮೂರು ಕೋಲು, ಒಂದು ಚೀಲ ಚೆಂಡು ಇದ್ದವು.

ಮರುವರ್ಷವೇ ಶುರುವಾಯಿತು ನೋಡಿ. ಹಿತ್ತಲಿಗೆ ಹೋಗಿ ಫೋನಿನಲ್ಲಿ ಹಿಂದಿ ಮಾತಾಡುವುದು. ಕೆಂಪು ರಟ್ಟಿನ ನೋಟ್‌ಬುಕ್ಕಿನಲ್ಲಿ ಏನೋ ಬರೆಯುವುದು, ಯಾರಾದರೂ ಬಂದರೆ ಮುಚ್ಚುವುದು. ಕೊನೆಗೆ ಒಂದು ಸಂಜೆ ಚಹಾ ಕುಡಿಯುತ್ತ ತಾವೇ ಬಾಯಿ ಬಿಟ್ಟರು: ಗಾಲ್ಫ್ ಮೈದಾನಗಳ ಪ್ರವಾಸ. ಕಡಲ ಕಡೆ ಮೂರು, ಮರಳುಗಾಡಿನ ಕಡೆ ಎರಡು. ಮೊದಲು ವಿಶಾಖಪಟ್ಟಣ, ಅಲ್ಲಿಂದ ರೈಲು ಹತ್ತಿ ರಾಜಸ್ಥಾನ. ಹದಿನೆಂಟು ದಿನ.

“ಯಾತಕ್ಕ ಭಾವಾರ?” ಎಂದೆ.

“ಉಪ್ಪುಗಾಳೀಲಿ ಹುಲ್ಲು ಹೆಂಗೆ ಉಳಿಸ್ಕಂಡವ್ರೋ ನೋಡ್ಬೇಕು ಕಣಪ್ಪ. ಮರಳುಗಾಡಲ್ಲಿ ಹುಲ್ಲೇ ಇಲ್ದಂಗೆ ಆಡ್ತಾರಂತೆ! ಮರಳಿಗೆ ಎಣ್ಣೆ ಬೆರೆಸಿ, ತಟ್ಟಿ ನುಣ್ಣಗೆ ಮಾಡಿ, ಅದ್ರ ಮ್ಯಾಲೆ ಚೆಂಡು ಉರುಳಿಸ್ತಾರಂತೆ. ಏನ್ ತಮಾಷೆ ನೋಡು.”

ಹುಲ್ಲು ನೋಡಲು ಕಡಲಿಗೆ, ಹುಲ್ಲಿಲ್ಲದ್ದು ನೋಡಲು ಮರಳುಗಾಡಿಗೆ! ನೀವಾದರೂ ನಂಬುತ್ತಿದ್ದಿರಾ? ಮರಳೇ ಬೇಕೆಂದರೆ ಕಣೇಕಲ್ಲಿನ ಬಸ್ಸು ಹತ್ತಿದರಾಯಿತು. ಹಗರಿ ಹೊಳೆಯ ದಂಡೆಯ ಮರಳು ಗಾಳಿಗೆ ಎದ್ದು ಹೊಲಕ್ಕೇ ಬಂದು ಕೂತಿದೆ. ಕಾಶಿಗೆ ಹೋಗುತ್ತೇನೆ ಎಂದಿದ್ದರೆ ಹಾರ ಹಾಕಿ ಬಸ್ ಸ್ಟ್ಯಾಂಡಿನವರೆಗೆ ಬಂದು ಕಳಿಸುತ್ತಿದ್ದೆವು. ನಾನು ತಲೆಯಾಡಿಸಿ ಎದ್ದು ಬಂದೆ. ದಾಲ್ ಮೇ ಕುಛ್ ಕಾಲಾ, ಬೇಳೆಯಲ್ಲಿ ಏನೋ ಕಪ್ಪಿದೆ ಎಂದು ನಮ್ಮ ಘಟಕದ ಕಟಿಂಗ್ ಮಾಸ್ತರು ಅನ್ನುತ್ತಿರುತ್ತಾರಲ್ಲ, ಇಲ್ಲಿ ನನಗೆ ಬೇಳೆಯೇ ಕಾಣಲಿಲ್ಲ, ಪೂರ್ತಿ ಕಪ್ಪು.

ಮಾರನೆಯ ದಿನ ಅಕ್ಕನೇ ನಮ್ಮ ಮನೆಗೆ ಬಂದಳು. ಸೆರಗಿನ ತುದಿ ತಿರುವುತ್ತ ಕೂತವಳು ಹೇಳಿದಳು: “ಅವರು ವಾರಕ್ಕ ಎರಡು ಸಲ ಕಣೇಕಲ್ ಬಸ್ ಹತ್ತಿ ಹೋಗ್ತಾರಪ್ಪ. ಉದ್ದನ್ನ ಗಂಟು ಕಟ್ಟಿಕೊಂಡು ಹೋಗ್ತಾರ. ಬರೋದ್ರಾಗ ಮೈತುಂಬ ಮರಳು. ಎಲ್ಲಿಗೆ ಅಂದ್ರ ನಗ್ತಾರ. ಈ ವಯಸ್ಸಿನಾಗ ನಗೋದು ಯಾಕ ಬೇಕಿತ್ತು?”

ನಗು ನನಗೂ ಅನುಮಾನದ ವಸ್ತುವೇ ಅಂತ ಆಗಲೇ ಹೇಳಿದೆನಲ್ಲ. ಘಟಕಕ್ಕೆ ರಜೆ ಹಾಕಿ ಭಾವನ ಹಿಂದೆ ಬಿದ್ದೆ. ಅವರು ಮುಂದಿನ ಬಾಗಿಲಲ್ಲಿ ಬಸ್ಸು ಹತ್ತಿದರು. ನಾನು ಹಿಂದಿನ ಸೀಟಿನಲ್ಲಿ ಪೇಪರು ಅಗಲಿಸಿ ಮುಖ ಮುಚ್ಚಿಕೊಂಡೆ. ತೆಲುಗು ಪೇಪರು, ತಲೆಕೆಳಗಾಗಿ ಹಿಡಿದಿದ್ದೆ. ಕಂಡಕ್ಟರು ನಮ್ಮ ಬೀದಿಯವನು. ಬಸ್ಸಿಗೆಲ್ಲ ಕೇಳುವ ಹಾಗೆ, “ಏನ್ರಿ ಮಾಸ್ತರ, ನಿಮ್ಮ ಭಾವಾರು ಮುಂದ ಕುಂತಾರ, ನೀವ್ಯಾಕ ಇಲ್ಲಿ ಬಂದು ಕುಂತೀರಿ?” ಅಂದುಬಿಟ್ಟ. ಭಾವ ತಿರುಗಿ ನೋಡಿದರು. ನಕ್ಕರು. ನನ್ನ ಟಿಕೆಟನ್ನೂ ಅವರೇ ತೆಗೆಸಿದರು.

ಇಳಿದು ಮರಳ ದಿಬ್ಬದವರೆಗೆ ನಡೆದೆವು. ಭಾವ ಗಂಟು ಬಿಚ್ಚಿ ಕೋಲು ತೆಗೆದು, ಕಾಲು ಅಗಲಿಸಿ ನಿಂತು, ಮರಳಿನಿಂದ ಚೆಂಡು ಎಗರಿಸಿದರು. ಮರಳು ಪೂರ್ತಿ ನನ್ನ ಬಾಯಿಗೆ ಬಂತು, ಚೆಂಡು ಎರಡು ಮಾರು ಹೋಯಿತು. “ಅಲ್ಲಿಗೆ ಹೋಗಿ ಮಾನ ಕಳೀಬಾರ್ದಲ್ಲ, ಅದಕ್ಕೆ ಕಲೀತಿವ್ನಿ” ಅಂದರು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಅನುಮಾನ ಬಿಟ್ಟುಬಿಡುತ್ತಿದ್ದರು. ನಾನು ಹಿಂದೆ ಬರುವೆನೆಂದು ಮೊದಲೇ ತಿಳಿದು ಈ ನಾಟಕ ಹೂಡಿದ್ದಾರೆ ಅಂದುಕೊಂಡೆ ನಾನು. ಕೇಳದೆ ಟಿಕೆಟ್ ತೆಗೆಸುವವರನ್ನು ನಂಬಬಾರದು.

ಅದೇ ವಾರ, ಅವರು ಸ್ನಾನಕ್ಕೆ ಹೋದಾಗ ಕೆಂಪು ನೋಟ್‌ಬುಕ್ಕು ತೆಗೆದು ನೋಡಿದೆ. ನಾಚಿಕೆಗೇಡಿನ ಕೆಲಸ ಹೌದು, ಆದರೆ ಆಗ ನಾಚಿಕೆಯಾಗಲಿಲ್ಲ. ಪೆನ್ಸಿಲಿನಲ್ಲಿ ದುಂಡಗೆ ತೆಲುಗು ಅಕ್ಷರ; ಆಂಧ್ರದ ಗಡಿಯವರಾದ ನಾವು ಶಾಲೆಯಲ್ಲಿ ಕಲಿತದ್ದು ಅದನ್ನೇ. ರೈಲಿನ ಹೊತ್ತು, ಮೈದಾನದ ಹೆಸರು, ಎಲ್ಲ ಊರಿನ ಮುಂದೂ ‘ಇಬ್ಬರಿಗೆ ಒಂದು ಕೋಣೆ’. ಇಬ್ಬರಿಗೆ! ಅಕ್ಕನಿಗೆ ಒಂದು ಮಾತೂ ಹೇಳಿರಲಿಲ್ಲ ಆ ಮನುಷ್ಯ. ಕೊನೆಯ ಪುಟದಲ್ಲಿ ಇನ್ನೊಂದು ಸಾಲಿತ್ತು: ‘ಹೆಂಗಸರ ಬೂಟು, ಬಿಳಿ, ಐದನೇ ನಂಬರ್.’ ಬಿಳಿ ಬೂಟು ಹಾಕುವ ಹೆಂಗಸು ನಮ್ಮ ಬಳಗದಲ್ಲಿ ಹಿಂದೆ ಹುಟ್ಟಿರಲಿಲ್ಲ.

ಇಬ್ಬರು ಎಂಬುದನ್ನು ಅಕ್ಕನಿಗೆ ಹೇಳಿದೆ. ಬೂಟಿನ ವಿಷಯ ಹೇಳಲಿಲ್ಲ, ಅವಳ ಎದೆ ಒಡೆದೀತು ಎಂದು. ಅಷ್ಟಕ್ಕೇ ಅವಳು ಅಡುಗೆಮನೆಯ ಗೋಡೆಗೆ ಒರಗಿ ಕೂತುಬಿಟ್ಟಳು. “ಕೇಳೋದು ಬ್ಯಾಡ. ಕೇಳಿದ್ರ ಹೌದು ಅಂದಾರು, ಆಮೇಲೆ ನಾನು ಎಲ್ಲಿಗೆ ಹೋಗಲಿ? ಹೆಂಗಾರ ಮಾಡಿ ಈ ಪ್ರಯಾಣ ನಿಲ್ಲಿಸಪ್ಪ” ಎಂದು ನನ್ನ ಕೈ ಹಿಡಿದಳು. ಚಿಕ್ಕಂದಿನಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು.

ನಿಲ್ಲಿಸುವುದಕ್ಕೆ ದಾರಿ ಇತ್ತು. ಭಾವನ ಮನೆತನದಲ್ಲಿ ದೂರ ಪ್ರಯಾಣ ಎಂದರೆ ಮೊದಲು ಮನೆದೇವರ ಹತ್ತಿರ ಹೂ ಕೇಳಬೇಕು. ದೇವರ ಎರಡೂ ಭುಜಕ್ಕೆ ಒಂದೊಂದು ಕಣಗಿಲೆ ಹೂ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಹೊರಡು. ಎಡಗಡೆಯದು ಬಿದ್ದರೆ ಮೂರು ವರ್ಷ ಆ ಮಾತೇ ಎತ್ತುವ ಹಾಗಿಲ್ಲ. ಹೂ ಆಗುವತನಕ ಜೊತೆಗೆ ಯಾರು ಬರುತ್ತಾರೆಂದು ಹೆಸರು ಹೇಳುವಂತಿಲ್ಲ, ಹೇಳಿದರೆ ಅವರ ಪ್ರಯಾಣ ಕೆಡುತ್ತದೆಂದು ನಂಬಿಕೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ, ಭಾವ ಹೆಸರು ಹೇಳದ್ದನ್ನು ಕಳ್ಳತನ ಎಂದೇ ಎಣಿಸಿದೆ. ಇನ್ನೊಂದು ಕಟ್ಟಳೆಯೂ ಉಂಟು: ಹೂವನ್ನು ಗಂಧದ ನೀರಿಗೆ ಅದ್ದಿ ಪೂಜಾರಿಯ ಕೈಗೆ ಕೊಡುವವನು ಹೆಂಡತಿಯ ತಮ್ಮನೇ ಆಗಿರಬೇಕು. ಅಂದರೆ ನಾನು.

ರತ್ನಗಿರಿಗೆ ಮೂವರೂ ಹೋದೆವು. ಪೂಜಾರಿಗೆ ಕಣ್ಣು ಮಂಜು. ಬಲದ ಹೂವಿನ ಬೆನ್ನಿಗೆ ಗಟ್ಟಿ ಗಂಧ ಮೆತ್ತಿ ಕೊಟ್ಟೆ. ಎಡದ ಹೂವಿಗೆ ಬರೀ ನೀರು. ಇಡೀ ಬಳಗದಲ್ಲಿ ಮೋಸ ಹುಡುಕಿಕೊಂಡು ತಿರುಗುವವನು ದೇವರ ಮುಂದೆಯೇ ನಿಂತು ಮೋಸ ಮಾಡಿದೆ. ಗಂಟೆ ಹೊಡೆಯುವುದರೊಳಗೇ ಎಡದ ಹೂ ಜಾರಿ ಬಿತ್ತು.

“ಆಗ್ಲಿಲ್ಲ ಕಣಪ್ಪ” ಎಂದರು ಪೂಜಾರಿ.

ಭಾವ ಬಿದ್ದ ಹೂ ನೋಡಿದರು. ನನ್ನ ಕಡೆ ನೋಡಿದರು. ಅಕ್ಕನನ್ನು ನೋಡಿದರು. “ಸರಿ ಬಿಡು, ಊಟ ಮಾಡಾನ ನಡೀರಿ” ಎಂದು ಚಪ್ಪಲಿ ಮೆಟ್ಟಿಕೊಂಡರು. ಆವತ್ತಿನಿಂದ ಗಾಲ್ಫ್ ಎಂಬ ಶಬ್ದ ಆ ಮನೆಯಲ್ಲಿ ಹುಟ್ಟಲಿಲ್ಲ. ಭಾವ ಎಲ್ಲಿಗೂ ಹೋಗಲಿಲ್ಲ, ಕಣೇಕಲ್ಲಿಗೂ ಹೋಗಲಿಲ್ಲ. ಯಾವ ಬಿಳಿ ಬೂಟಿನವಳೂ ಬಾಗಿಲಿಗೆ ಬರಲಿಲ್ಲ. ಅಕ್ಕ ನಿಧಾನಕ್ಕೆ ಮೊದಲಿನ ಹಾಗಾದಳು. ನಾನು ಗೆದ್ದೆ. ಗೆದ್ದವನಿಗೆ ಭಾವನ ಎದುರು ಕೂತು ಊಟ ಮಾಡುವಾಗ ತುತ್ತು ಯಾಕೆ ಇಳಿಯುತ್ತಿರಲಿಲ್ಲವೋ.

ಈಗ ಮೊನ್ನೆಯ ಚೆಂಡಿಗೆ ಬರುತ್ತೇನೆ. ಎರಡನೇ ಸಲ ಉರುಳಿ ಬಂದಾಗ ಭಾವ ಬಗ್ಗಿ ಎತ್ತಿಕೊಂಡರು, ಪಂಚೆಯ ಅಂಚಿನಿಂದ ಒರೆಸಿದರು. ಅಕ್ಕ ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದಳು. ನನಗೆ ಏನಾಯಿತೋ, ನಾಲ್ಕು ವರ್ಷ ಮುಚ್ಚಿಟ್ಟಿದ್ದನ್ನು ಹೇಳಿಬಿಟ್ಟೆ.

“ಭಾವಾರ, ಆವತ್ತು ಹೂವಿಗೆ ಗಂಧ ಮೆತ್ತಿದ್ದು ನಾನು.”

“ಗೊತ್ತು. ನಿನ್ನ ಬಲಗೈ ಬೆರಳೆಲ್ಲ ಗಂಧ ಆಗಿತ್ತು, ಬಿದ್ದ ಹೂವಲ್ಲಿ ಒಂದು ಚೂರೂ ಇರ್ಲಿಲ್ಲ. ಮೂವತ್ತು ವರ್ಷ ಹುಲ್ಲಿನ ಎಸಳು ನೋಡ್ದೋನು ಕಣಪ್ಪ ನಾನು.”

“ಮತ್ತ ಯಾಕ ಸುಮ್ಮನಾದ್ರಿ?”

“ನೀನು ದೇವ್ರ ಕೈಯನ್ನೇ ತಿರುವಕ್ಕೆ ನಿಂತಿದ್ದೀಯ ಅಂದ್ರೆ, ನಿಮ್ಮಕ್ಕ ಅದೆಷ್ಟು ಹೆದರಿರ್ಬೇಕು ಅಂದ್ಕಂಡೆ. ಅವಳು ಹೆದರ್ಕಂಡು ಮನೇಲಿ ಕುಂತಿದ್ರೆ ನಾನು ಯಾವ ಹುಲ್ಲು ನೋಡ್ಲಿ?”

ನಾನು ಕೇಳಬೇಕಾಗಿದ್ದ ಒಂದೇ ಒಂದು ಪ್ರಶ್ನೆಯನ್ನು ಆಗ ಕೇಳಿದೆ: ಜೊತೆಗೆ ಬರಬೇಕಾಗಿದ್ದವರು ಯಾರು?

ಭಾವ ಟ್ರಂಕಿನ ಮುಚ್ಚಳ ತೆಗೆದು, ಅಡಿಯಿಂದ ಒಂದು ರಟ್ಟಿನ ಡಬ್ಬಿ ಎತ್ತಿ ಅಕ್ಕನ ಮುಂದೆ ಇಟ್ಟರು. ಬಿಳಿ ಬೂಟು. ಐದನೇ ನಂಬರ್. “ನೀನು ಮಲಗಿದ್ದಾಗ ನಿನ್ನ ಚಪ್ಪಲಿ ಸುತ್ತ ಪೆನ್ಸಿಲ್ ಎಳ್ದು ಅಳತೆ ತಗಂಡಿದ್ದೆ” ಎಂದರು ಅಕ್ಕನಿಗೆ. ಆಮೇಲೆ ನನ್ನ ಕಡೆ ತಿರುಗಿ, “ಮೂವತ್ತು ವರ್ಷ ಬುತ್ತಿ ಹಿಡ್ಕಂಡು ಆ ಮೈದಾನದ ಗೇಟಿಗೆ ಬಂದ್ಲು. ಮಾಲಿ ಹೆಂಡ್ತಿ ಅಂತ ಒಂದ್ ದಿನಾನೂ ಒಳಗೆ ಬಿಡ್ಲಿಲ್ಲ. ನಾನು ಬೆಳೆಸಿದ ಹುಲ್ಲಿನ ಮ್ಯಾಲೆ ಇವಳು ಕಾಲಿಡ್ಲೇ ಇಲ್ಲ. ಬೇರೆಯೋರ ಹುಲ್ಲಿನ ಮೇಲಾದ್ರೂ, ಗೆಸ್ಟು ಅನ್ನಿಸ್ಕಂಡು, ಬೂಟು ಹಾಕ್ಕಂಡು ನಡೀಲಿ ಅಂತ.”

ಇಡೀ ದೇಶದ ಸೊಂಟದ ಅಳತೆ, ಕಾಲಿನ ಉದ್ದ ಬಾಯಿಪಾಠ ಇರುವ ನನಗೆ ಸ್ವಂತ ಅಕ್ಕನ ಪಾದದ ಅಳತೆ ಗೊತ್ತಿರಲಿಲ್ಲ. ಆ ಬೂಟಿನ ಮಾತನ್ನು ಆವತ್ತು ಅವಳಿಗೆ ಹೇಳಿದ್ದರೂ ಸಾಕಿತ್ತು, ಐದನೇ ನಂಬರ್ ತನ್ನದೇ ಎಂದು ಅವಳಿಗೆ ತಿಳಿಯುತ್ತಿತ್ತೋ ಏನೋ. ಅತ್ತುಬಿಟ್ಟೆ. ಸುಣ್ಣದವನು ಏಣಿಯ ಮೇಲಿಂದ ಬಗ್ಗಿ ನೋಡುತ್ತಿದ್ದ. ನೋಡಲಿ ಎಂದು ಬಿಟ್ಟೆ.

ಅಕ್ಕ ಪೊರಕೆ ಕೆಳಗಿಟ್ಟು, ಮಂಚದ ಮೇಲೆ ಕೂತು ಬೂಟಿಗೆ ಕಾಲು ತೂರಿಸಿದಳು. ಬೆರಳು ಹೋಯಿತು, ಹಿಮ್ಮಡಿ ಹೋಗಲಿಲ್ಲ. ಎರಡು ವರ್ಷದಿಂದ ಅವಳಿಗೆ ಮಂಡಿನೋವು, ಪಾದ ಬಾತಿರುತ್ತದೆ. ಎರಡು ಸಲ ಒತ್ತಿ ನೋಡಿದಳು. “ಆವಾಗ ಆಗ್ತಿತ್ತು” ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೂಟನ್ನು ಮಡಿಲಲ್ಲಿಟ್ಟುಕೊಂಡು, “ಮೂರು ವರ್ಷ ದಾಟ್ಯಾವಲ್ಲ, ಮತ್ತ ಹೂ ಕೇಳಬಹುದು. ಈ ಸಲ ಹೂ ನಾನೇ ಅದ್ದಿ ಕೊಡ್ತೀನಿ. ಕಟ್ಟಳೆ ಮುರೀಲಿ. ಇವನ ಕೈಗೆ ಕೊಡಬ್ಯಾಡ್ರಿ” ಎಂದಳು.

ಭಾವ ನಕ್ಕರು. ಆ ನಗುವಿನಲ್ಲಿ ನಾನು ಏನನ್ನೂ ಹುಡುಕಲಿಲ್ಲ.

ಸುಣ್ಣದವನ ಹಳೇ ಪೇಪರೊಂದು ತೆಗೆದು ನೆಲಕ್ಕೆ ಹಾಸಿ, ಅಕ್ಕನ ಪಾದ ಅದರ ಮೇಲೆ ಇಡಿಸಿ, ಮಂಡಿಯೂರಿ ನಾನೇ ಸುತ್ತ ಗೆರೆ ಎಳೆದೆ. ಮಾರನೆಯ ದಿನ ಅಂಗಡಿಗೆ ಹೋದೆ. ಅಂಗಡಿಯವನು ಗೆರೆ ನೋಡಿ ಆರನೇ ನಂಬರಿನ ಬಿಳಿ ಬೂಟು ತೆಗೆದಿಟ್ಟ. ನನ್ನ ಗುಣ ಅವನಿಗೆ ಗೊತ್ತು. “ತಗೊಳ್ರಿ ಮಾಸ್ತರ, ಒಳಗು ಹೊರಗು ಎಲ್ಲ ಹೊಲಿಗೆ ನೋಡ್ಕೊಳ್ರಿ” ಅಂದ.

“ಬ್ಯಾಡಪ್ಪ, ಹಂಗೇ ಕಟ್ಟಿಕೊಡು” ಎಂದೆ.