ಕಾರು ದಾಟದ ಹೊಸ್ತಿಲು

ಅರವತ್ತರ ದಶಕದಲ್ಲಿ ಬಸವನ ಬಾಗೇವಾಡಿಯ ನಮ್ಮ ಓಣಿಯಲ್ಲಿ ಕಾರಿದ್ದದ್ದು ನನಗೊಬ್ಬನಿಗೇ. ಯಾರೋ ಓಡಿಸಿ ಸಾಕಾಗಿ ಮಾರಿದ ಹಳೇ ಕಾರು, ಆದರೂ ನನ್ನ ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ. ಅವ್ವನ ಬಿಂಕ ನನಗಿಂತ ಒಂದು ಕೈ ಮೇಲು. ಮನಗೂಳಿ ಅವಳ ತವರು. ಅಲ್ಲಿ ತನ್ನ ತಮ್ಮನ ಮಗನ ಲಗ್ನಕ್ಕೆ "ನನ್ನ ಮಗನ ಕಾರಿನಾಗ ಬರ್ತೇನಿ" ಎಂದು ಬಳಗಕ್ಕೆಲ್ಲ ಹೇಳಿ ಕಳಿಸಿದ್ದಳು.

ಹಿಂದೆ ಚಕ್ಕಡಿ ಬಿಡುತ್ತಿದ್ದ ಕೋಣೆಯೇ ಕಾರಿನ ಮನೆ. ಬಾಗಿಲನ್ನು ಗೆದ್ದಲು ತಿಂದಿತ್ತು, ಮಳೆ ಬಂದರೆ ಓಣಿಯ ರಾಡಿಯೆಲ್ಲ ಒಳಗೆ. ಲಗ್ನ ಬರುವುದರೊಳಗೆ ಕಾರಿಗೆ ತುಕ್ಕು ಹಿಡಿದೀತೆಂದು ಹೊಸ ಬಾಗಿಲು ಮಾಡಿಸಲು ಹೊರಟೆ. ಅಷ್ಟಕ್ಕೇ ಸುಮ್ಮನಿದ್ದರೆ ನಾನು ನಾನೇ ಅಲ್ಲ. "ಹೊಸ್ತಿಲಾನೂ ಒಂದು ಗೇಣು ಎತ್ತರ ಮಾಡ್ರಿ, ಹನಿ ನೀರ ಒಳಗ ಬರಬಾರದು" ಎಂದು ಗೌಂಡಿಗೆ ಅಪ್ಪಣೆ ಕೊಟ್ಟೆ. ಕಲ್ಲು ಕೂರಿಸುವಷ್ಟು ಹೊತ್ತೂ ಒಳಗೆ ಕಾರಿನ ಸೀಟಿನ ಮೇಲೇ ಕೂತು ಉಸ್ತುವಾರಿ ಮಾಡಿದೆ. ಈ ಕಾರು ಹೊರಗೆ ಹೋಗಬೇಕಲ್ಲ ಎಂಬುದು ನನ್ನ ದೊಡ್ಡ ತಲೆಗೆ ಹೊಳೆಯಲೇ ಇಲ್ಲ. ಅವ್ವ ಹೊಸ ಹೊಸ್ತಿಲಿಗೆ ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದು ಕೈಮುಗಿದಳು.

ಲಗ್ನದ ಮುಂಜಾನೆ ಕಾರು ಚಾಲೂ ಮಾಡಿದೆ. ಮುಂದಿನ ಗಾಲಿ ಕಲ್ಲಿಗೆ ಹೋಗಿ ಕುಟ್ಟಿತು. ಕೆಟ್ಟ ಮೇಲೆ ಬುದ್ಧಿ ಬಂತು. ಕಲ್ಲು ಮಣ್ಣು ಒಟ್ಟಿ ಗಾಲಿ ಹತ್ತಿಸಬೇಕೆನ್ನುವಷ್ಟರಲ್ಲಿ ಇಳಕಲ್ ಸೀರೆ ಉಟ್ಟು ಅವ್ವ ಬಂದಳು.

"ಹೊಸ್ತಿಲಾ ತುಳದು ಹೊಂಟೀ? ಲಕ್ಷ್ಮಿ ಇರೂ ಜಾಗಾ ಅದು!"

"ದಾಟಿ ಹೋಗಾಕ ಕಾರಿಗೆ ಕಾಲಿಲ್ಲಬೇ. ಕಲ್ಲ ಕೀಳಸ್ತೇನಿ."

"ಪೂಜಿ ಮಾಡಿದ ಹೊಸ್ತಿಲಾ, ಲಗ್ನದ ದಿನ? ನಡಿ, ಬಸ್ಸಿಗೆ ಹೋಗೂಣು."

ಕಾರಿನ ಧಣಿ ಬಸ್ಸಿನಲ್ಲಿ ಜೋತಾಡುತ್ತ ನಿಂತಿದ್ದೆ. ಅವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ತವರಿನೆದುರು ಅವಳ ತಲೆ ತಗ್ಗಿಸಿದೆನಲ್ಲ ಎಂದು ನನಗೆ ಅಳುವೇ ಬಂದಂತಾಗಿತ್ತು.

ಮನಗೂಳಿಯಲ್ಲಿ ಕಾರು ನೋಡಲು ಅರ್ಧ ಹಂದರವೇ ರಸ್ತೆಗೆ ಬಂದಿತ್ತು. ಬಸ್ಸಿನಿಂದ ಇಳಿದ ನಮ್ಮನ್ನು ಬಿಟ್ಟು ಎಲ್ಲರೂ ಬಸ್ಸಿನ ಹಿಂದೆ ನೋಡಿದರು.

"ಯಕ್ಕಾ, ಕಾರ್ ಎಲ್ಲೈತಿ?" ಎಂದು ಸೋದರಮಾವ ಕೇಳಿಯೇಬಿಟ್ಟ.

ಅವ್ವ ಸೆರಗು ಸರಿಮಾಡಿಕೊಂಡು, ನಾಲ್ಕು ಮಂದಿಗೆ ಕೇಳುವಂತೆ ಹೇಳಿದಳು: "ಮನ್ಯಾಗ ಐತಿ. ನನ್ನ ಮಗಾ ಎಂಥಾ ಹೊಸ್ತಿಲಾ ಕಟ್ಟಿಸ್ಯಾನಂದ್ರ, ಕಾರ್ ಸೈತ ದಾಟಂಗಿಲ್ಲ!"

ಮಂದಿ ನನ್ನತ್ತ ನೋಡಿ ಗೌರವದಿಂದ ತಲೆಯಾಡಿಸಿದರು. ನಾನು ಅವ್ವನ ಗಂಟು ತಲೆಯ ಮೇಲೆ ಹೊತ್ತು ಅವಳ ಹಿಂದೆ ನಡೆದೆ.